ಒತ್ತಿದರೆ ನೋವು ಇಳಿಯುತ್ತದೆ, ಬೆನ್ನು ನೆಟ್ಟಗಾಗುತ್ತದೆಯೇ?

ಉಡಿಗಾಲ ಗ್ರಾಮದ ಸುತ್ತಿನ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ‘ಸೊಂಟ ಹಿಡ್ಕಂಡದ’ ಎಂದವರಿಗೆ ಸಲಹೆಗಳಿಗೇನೂ ಬರವಿಲ್ಲ. ಹರಳೆಣ್ಣೆ ಬಿಸಿ ಮಾಡಿ ನೀವಿಸಿಕೊಳ್ಳಿ ಎನ್ನುವವರು ಕೆಲವರು, ಲಕ್ಕಿ ಸೊಪ್ಪಿನ ಶಾಖ ಕೊಡಿ ಎನ್ನುವವರು ಕೆಲವರು. ಊಟಿ ಕಡೆಯಿಂದ ಬಂದ ನೀಲಗಿರಿ ಎಣ್ಣೆಯ ಸೀಸೆ ಅನೇಕರ ಮನೆಯ ಗೂಡಿನಲ್ಲಿ ಇದ್ದೇ ಇರುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಅಳಿದಿಲ್ಲ. ಈಗ ಈ ಸಾಲಿಗೆ ಮೈಸೂರು, ಬೆಂಗಳೂರಿನ ಫಲಕಗಳಲ್ಲಿ ಕಾಣುವ ‘ಡೀಪ್ ಟಿಶ್ಯೂ ಮಸಾಜ್’ ಸೇರಿಕೊಂಡಿದೆ. ಹೆಬ್ಬೆರಳು, ಗೆಣ್ಣು, ಮೊಣಕೈಗಳಿಂದ ನಿಧಾನವಾಗಿ, ಬಲವಾಗಿ ಒತ್ತಿ ಸ್ನಾಯುಗಳ ಒಳಪದರವನ್ನು ಸಡಿಲಿಸುತ್ತೇವೆ ಎನ್ನುವ ಚಿಕಿತ್ಸೆ ಇದು. ಅದು ಕೊಡುವ ಭರವಸೆ ಎರಡು: ನೋವು ಇಳಿಯುತ್ತದೆ, ಮೈಯ ನಿಲುವು ನೇರವಾಗುತ್ತದೆ.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಬೆನ್ನು ಬಾಗಿರುವುದರಿಂದಲೇ ನೋವು, ಬೆನ್ನು ನೆಟ್ಟಗಾದರೆ ನೋವು ಮಾಯ ಎಂಬ ನಂಬಿಕೆ ಇದರ ತಳದಲ್ಲಿದೆ. ಕಳೆದ ಐವತ್ತು ಅರವತ್ತು ವರ್ಷಗಳ ಚರ್ಚೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಭರವಸೆಗಳ ತೂಕ ಒಂದೇ ಅಲ್ಲವೆಂದು ಗೊತ್ತಾಗುತ್ತದೆ. ಮೊದಲನೆಯದಕ್ಕೆ ಒಂದಷ್ಟು ಆಧಾರವಿದೆ. ಎರಡನೆಯದು ತೀರಾ ದುರ್ಬಲ. ಕೂಲಿಯ ದುಡ್ಡಿನಲ್ಲಿ ಚಿಕಿತ್ಸೆಗೆ ಹೋಗುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಎಣ್ಣೆ, ಗರಡಿ, ಗಡಿಯಾಚೆ

ಮೈ ಒತ್ತುವ ವಿದ್ಯೆ ನಮಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ಅಭ್ಯಂಗವನ್ನು ದಿನಚರಿಯ ಭಾಗವಾಗಿಯೇ ವಿವರಿಸುತ್ತದೆ. ಎಣ್ಣೆ ಹಚ್ಚುವುದು, ಪುಡಿ ಹಾಕಿ ತಿಕ್ಕುವುದು, ಹಿತವಾಗಿ ಮೈ ಒತ್ತುವುದು ಇವೆಲ್ಲ ಬೇರೆ ಬೇರೆ ಎಂದು ಸುಶ್ರುತ ವಿಂಗಡಿಸಿದ್ದಾನೆ. ದೇಹದಲ್ಲಿ 107 ಮರ್ಮಸ್ಥಾನಗಳನ್ನು ಎಣಿಸಿ, ಅಲ್ಲಿ ಪೆಟ್ಟು ಬಿದ್ದರೆ ಅಪಾಯ ಎಂದು ಎಚ್ಚರಿಸಿದವನೂ ಅವನೇ. ಯಾರಿಗೆ ಅಭ್ಯಂಗ ಕೂಡದು ಎಂಬ ಪಟ್ಟಿಯೂ ಈ ಗ್ರಂಥಗಳಲ್ಲಿದೆ: ಹೊಸ ಜ್ವರ ಬಂದವರಿಗೆ, ಅಜೀರ್ಣವಾದವರಿಗೆ ಬೇಡ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಭೋಗಕ್ಕೂ ಮಲ್ಲರ ಕಾಳಗಕ್ಕೂ ಪ್ರತ್ಯೇಕ ಭಾಗಗಳಿವೆ.

ಹಳೆಯ ಮೈಸೂರಿನಲ್ಲಿ ಈ ವಿದ್ಯೆ ಬೆಳೆದದ್ದು ಮುಖ್ಯವಾಗಿ ಎರಡು ಕಡೆ. ಒಂದು, ಬಾಣಂತಿಗೂ ಕೂಸಿಗೂ ಎಣ್ಣೆ ನೀವಿ ನೀರೆರೆಯುವ ಹಿರಿಯ ಹೆಂಗಸರ ಕೈ. ಇನ್ನೊಂದು ಗರಡಿಮನೆ. ಅಲ್ಲಿ ಸಾಮು ಮಾಡಿದವರ ಮೈಯನ್ನು ತಿಕ್ಕಿ ಹದ ಮಾಡುವುದು ಕುಸ್ತಿಯಷ್ಟೇ ಮುಖ್ಯ. ಉಳುಕು ತೆಗೆಯುವ, ಕೀಲು ಕೂರಿಸುವ ಕೈಚಳಕವೂ ಅದರೊಂದಿಗೆ ಬೆಳೆಯಿತು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣದವರ ಜೊತೆಗೆ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ಗುಂಡ್ಲುಪೇಟೆಯಿಂದ ಗಡಿ ದಾಟಿದರೆ ವಯನಾಡು. ಕೇರಳದ ಕಳರಿ ಎಂಬ ಗರಡಿಗಳಲ್ಲಿ ಉಳಿಚ್ಚಿಲ್ ಎಂಬ ಮರ್ದನ ಪದ್ಧತಿಯಿದೆ. ಮೇಲೆ ಕಟ್ಟಿದ ಹಗ್ಗ ಹಿಡಿದು, ನೆಲದ ಮೇಲೆ ಮಲಗಿದವರ ಮೈಯನ್ನು ಪಾದದಿಂದ ಒತ್ತುವ ಕ್ರಮವೂ ಅದರಲ್ಲಿ ಸೇರಿದೆ. ಆಳವಾದ ಒತ್ತಡ ಎಂಬ ಮಾತಿಗೆ ನಮ್ಮ ನೆರೆಯಲ್ಲೇ ಇಷ್ಟು ಹಳೆಯ ಉದಾಹರಣೆಯಿದೆ.

ಸಂಸ್ಥೆಗಳು ಬಂದದ್ದು ಆಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾಯಿತು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಆಸನಗಳನ್ನು ಕಲಿಸಿದರು. ದೇಹದ ನಿಲುವನ್ನು ತಿದ್ದುವ ಆಧುನಿಕ ಆಸನಾಭ್ಯಾಸ ಜಗತ್ತಿಗೆಲ್ಲ ಹರಡಿದ್ದರಲ್ಲಿ ಆ ಯೋಗಶಾಲೆಯ ಪಾಲು ದೊಡ್ಡದು. 1989ರಲ್ಲಿ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಬಂದ ಮೇಲೆ ಮಾಲೀಶು ಪದವಿ ಶಿಕ್ಷಣದ ಪಠ್ಯವೂ ಆಯಿತು.

ಪಶ್ಚಿಮದಲ್ಲಿ ನಡೆದದ್ದು

ಪಶ್ಚಿಮದಲ್ಲಿ ಮರ್ದನವನ್ನು ವ್ಯಾಯಾಮದ ಜೊತೆ ಜೋಡಿಸಿದವನು ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್. 1813ರಲ್ಲಿ ಅವನು ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಕೇಂದ್ರ ತೆರೆದ. ಸವರುವುದು, ನಾದುವುದು, ತಟ್ಟುವುದು ಎಂಬ ವಿಂಗಡಣೆ ಡಚ್ ವೈದ್ಯ ಯೋಹಾನ್ ಮೆಟ್ಸ್ಗರ್ ಕಾಲಕ್ಕೆ ನೆಲೆ ನಿಂತಿತು. ಅಮೆರಿಕದ ಜಾನ್ ಹಾರ್ವೆ ಕೆಲಾಗ್ 1895ರಲ್ಲಿ ಮಸಾಜ್ ಕುರಿತೇ ಒಂದು ಪುಸ್ತಕ ಬರೆದ.

ಆಳದ ಒತ್ತಡಕ್ಕೆ ಇಂದಿನ ಹೆಸರು, ರೂಪ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬ್ರಿಟನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಗಾಯವಾದ ಸ್ನಾಯುಬಂಧದ ಎಳೆಗಳಿಗೆ ಅಡ್ಡಡ್ಡವಾಗಿ ಒತ್ತಿ ಉಜ್ಜುವ ಕ್ರಮವನ್ನು ಕಲಿಸಿದ. 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಐಡಾ ರಾಲ್ಫ್ ಹತ್ತು ಬೈಠಕ್‌ಗಳಲ್ಲಿ ಇಡೀ ದೇಹವನ್ನು ಮರುಜೋಡಿಸುವ ಪದ್ಧತಿಯನ್ನು ಕಟ್ಟಿದಳು. ನ್ಯೂಯಾರ್ಕಿನಲ್ಲಿ ಅವಳು ಯೋಗವನ್ನೂ ಕಲಿತಿದ್ದಳು. ಜಾನ್ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟ ಜಾನೆಟ್ ಟ್ರಾವೆಲ್ ಸ್ನಾಯುವಿನ ಗಂಟುಗಳ ನಕಾಶೆ ಬರೆದು, ಡೇವಿಡ್ ಸೈಮನ್ಸ್ ಜೊತೆಗೂಡಿ 1983ರಲ್ಲಿ ಅದನ್ನು ದೊಡ್ಡ ಕೈಪಿಡಿಯಾಗಿ ಪ್ರಕಟಿಸಿದಳು. ಇವತ್ತು ಸ್ಪಾಗಳಲ್ಲಿ ಹೇಳುವ ವಿವರಣೆಗಳಲ್ಲಿ ಬಹುಪಾಲು ರಾಲ್ಫ್‌ಳಿಂದ ಇಲ್ಲವೇ ಟ್ರಾವೆಲ್‌ಳಿಂದ ಬಂದದ್ದು.

ಮೊದಲ ಪಂಥ: ಕಟ್ಟಡ ಸೊಟ್ಟಗಾಗಿದೆ

ರಾಲ್ಫ್ ಪಂಥದವರ ವಾದ ನೇರವಾದದ್ದು. ಸ್ನಾಯುಗಳನ್ನು ಸುತ್ತಿರುವ ಗಟ್ಟಿ ಪೊರೆಗೆ ಫೇಶಿಯಾ ಎಂದು ಹೆಸರು. ತಪ್ಪು ಭಂಗಿಯಲ್ಲಿ ವರ್ಷಗಟ್ಟಲೆ ದುಡಿದರೆ ಈ ಪೊರೆ ಮೊಟಕಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹೆಗಲು ಮುಂದಕ್ಕೆ ಬಾಗುತ್ತದೆ, ಭೂಮಿಯ ಸೆಳೆತಕ್ಕೆ ದೇಹ ಸರಿಯಾಗಿ ಒಡ್ಡಿಕೊಳ್ಳಲಾರದು. ಆಳವಾಗಿ ಒತ್ತಿ ಪೊರೆಯನ್ನು ಹಿಗ್ಗಿಸಿದರೆ ದೇಹ ತನ್ನ ನೇರಕ್ಕೆ ಮರಳುತ್ತದೆ.

ಈ ಪಂಥದಿಂದ ಒಂದು ಲಾಭವಂತೂ ಆಗಿದೆ. ಶವಚ್ಛೇದನದ ಮೇಜಿನ ಮೇಲೆ ಕತ್ತರಿಸಿ ಎಸೆಯುತ್ತಿದ್ದ ಪೊರೆಯ ಕಡೆಗೆ ವಿಜ್ಞಾನಿಗಳ ಗಮನ ತಿರುಗಿತು. 2007ರಲ್ಲಿ ಬೋಸ್ಟನ್ನಿನಲ್ಲಿ ಫೇಶಿಯಾ ಸಂಶೋಧಕರ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಆ ಪೊರೆಯಲ್ಲಿ ನರತುದಿಗಳು ತುಂಬಿವೆ, ಅದೂ ನೋವನ್ನು ಗ್ರಹಿಸುತ್ತದೆ ಎಂಬುದು ಈಗ ಒಪ್ಪಿತ ಸಂಗತಿ.

ಆದರೆ ‘ಹಿಗ್ಗಿಸುತ್ತೇವೆ’ ಎಂಬ ಮುಖ್ಯ ಮಾತೇ ಪೆಟ್ಟು ತಿಂದಿದೆ. 2008ರಲ್ಲಿ ಹ್ಯಾನ್ಸ್ ಚೌಧರಿ ಮತ್ತು ಸಂಗಡಿಗರು ಗಣಿತದ ಮಾದರಿ ಕಟ್ಟಿ ಲೆಕ್ಕ ಹಾಕಿದರು. ತೊಡೆಯ ಹೊರಬದಿಯ ಪೊರೆಯಲ್ಲಾಗಲಿ ಅಂಗಾಲಿನ ಪೊರೆಯಲ್ಲಾಗಲಿ ಶೇಕಡಾ ಒಂದರಷ್ಟು ಬದಲಾವಣೆ ತರಬೇಕಾದರೂ ಮನುಷ್ಯನ ಕೈಗೆ ಎಟುಕದಷ್ಟು ಬಲ ಬೇಕೆಂದು ಆ ಲೆಕ್ಕ ತೋರಿಸಿತು. ಒತ್ತಿದ ಮೇಲೆ ಮೈ ಸಡಿಲವಾದಂತೆ ಅನ್ನಿಸುವುದು ನಿಜವಾದ ಅನುಭವವೇ. ಅದಕ್ಕೆ ಕಾರಣ ಪೊರೆ ಉದ್ದವಾದದ್ದು ಎನ್ನುವುದಕ್ಕೆ ಮಾತ್ರ ಆಧಾರ ಸಾಲದು.

ನಿಲುವು ಕೆಟ್ಟರೆ ನೋವು ಬಂದೇ ಬರುತ್ತದೆಯೇ? ಅದೂ ಸಂಶಯಾಸ್ಪದವೇ. ಆಸ್ಟ್ರೇಲಿಯಾದಲ್ಲಿ ಹದಿನೇಳು ವಯಸ್ಸಿನವರ ಕುತ್ತಿಗೆಯ ಭಂಗಿಯನ್ನು ಅಳೆದು ಗುಂಪು ಮಾಡಿದ ಅಧ್ಯಯನ, ಭಂಗಿಗೂ ಕುತ್ತಿಗೆ ನೋವಿಗೂ ನಂಟು ಕಾಣಲಿಲ್ಲ ಎಂದು 2016ರಲ್ಲಿ ವರದಿ ಮಾಡಿತು. ಬೆನ್ನಿನ ಚಿತ್ರ ತೆಗೆದರೆ ಕಾಣುವ ಡಿಸ್ಕ್ ಸವೆತದ ಕಥೆಯೂ ಇಂಥದ್ದೇ. ಬ್ರಿಂಜಿಕ್ಜಿ ಮತ್ತಿತರರು 2015ರಲ್ಲಿ ಕಲೆಹಾಕಿದ ಅಂಕಿಗಳ ಪ್ರಕಾರ, ಯಾವ ನೋವೂ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲಿ ಶೇ. 37ರಷ್ಟು ಮಂದಿಗೆ, ಎಂಬತ್ತರ ವಯಸ್ಸಿನವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕ್ ಸವೆದಿರುತ್ತದೆ. ‘ನಿಮ್ಮ ಬೆನ್ನು ಸೊಟ್ಟಗಿದೆ, ಅದಕ್ಕೇ ನೋವು’ ಎಂದು ಹೆದರಿಸುವವರ ಮಾತನ್ನು ಈ ಅಂಕಿಗಳ ಮುಂದಿಟ್ಟು ತೂಗಬೇಕು.

ಎರಡನೆಯ ಪಂಥ: ಗಂಟು ಬಿಡಿಸಬೇಕು

ಭುಜದ ಮೇಲೆ, ಸೊಂಟದ ಪಕ್ಕದಲ್ಲಿ ಒತ್ತಿದರೆ ಜೀವ ಹೋಗುವಂತೆ ನೋಯುವ ಜಾಗ ಯಾರ ಮೈಯಲ್ಲಿಲ್ಲ? ಟ್ರಾವೆಲ್ ಮತ್ತು ಸೈಮನ್ಸ್ ಇದನ್ನು ‘ಟ್ರಿಗರ್ ಪಾಯಿಂಟ್’ ಎಂದರು. ಸ್ನಾಯುವಿನ ಸಣ್ಣ ತುಣುಕೊಂದು ಬಿಗಿದುಕೊಂಡು ಅಲ್ಲಿ ರಕ್ತಸಂಚಾರ ಕುಗ್ಗುತ್ತದೆ, ನೋವು ದೂರದ ಅಂಗಕ್ಕೂ ಹಬ್ಬುತ್ತದೆ. ಗಂಟಿನ ಮೇಲೆ ಹಿಡಿದೊತ್ತಿದರೆ ಬಿಗಿತ ಬಿಡುತ್ತದೆ ಎಂಬುದು ಅವರ ವಿವರಣೆ. ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ ಇರಬಹುದು ಎಂಬ ಅನುಭವಕ್ಕೆ ಇದು ಒಂದು ದಾರಿ ತೋರಿಸಿತು.

ಆಸ್ಟ್ರೇಲಿಯಾದ ಜಾನ್ ಕ್ವಿಂಟ್ನರ್, ಮಿಲ್ಟನ್ ಕೋಹೆನ್ ಇದನ್ನು 1994ರಿಂದಲೂ ಪ್ರಶ್ನಿಸುತ್ತ ಬಂದಿದ್ದಾರೆ. ಒಬ್ಬನೇ ರೋಗಿಯ ಬೆನ್ನನ್ನು ಇಬ್ಬರು ಪರಿಣತರು ಮುಟ್ಟಿ ನೋಡಿದರೆ ಗಂಟು ಒಂದೇ ಜಾಗದಲ್ಲಿದೆ ಎಂದು ಅವರು ಒಪ್ಪುವುದು ಕಷ್ಟ. ಆ ಜಾಗ ನೋಯುವುದು ಸ್ನಾಯುವಿನ ದೋಷದಿಂದಲೋ, ಅಲ್ಲಿಗೆ ಬರುವ ನರ ಸೂಕ್ಷ್ಮವಾದುದರಿಂದಲೋ ಎಂಬುದು ಇಂದಿಗೂ ವಿವಾದ. ಜೊತೆಗೆ ಬಂದ ‘ಲ್ಯಾಕ್ಟಿಕ್ ಆಮ್ಲ ಹಿಂಡಿ ತೆಗೆಯುತ್ತೇವೆ’ ಎಂಬ ಜನಪ್ರಿಯ ಮಾತು ನಿಂತಿಲ್ಲ. 2012ರಲ್ಲಿ ಹನ್ನೊಂದು ಯುವಕರಿಗೆ ಕಠಿಣ ವ್ಯಾಯಾಮ ಮಾಡಿಸಿ, ಒಂದು ಕಾಲಿಗಷ್ಟೇ ಮಸಾಜ್ ಕೊಟ್ಟು, ಎರಡೂ ಕಾಲಿನ ಸ್ನಾಯುವಿನ ತುಣುಕು ಪರೀಕ್ಷಿಸಿದರು. ಉರಿಯೂತದ ಸಂಕೇತಗಳು ತಗ್ಗಿದ್ದು ಕಂಡಿತು. ಲ್ಯಾಕ್ಟಿಕ್ ಆಮ್ಲದ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೂರನೆಯ ಪಂಥ: ನರಮಂಡಲದ ಮಾತು

1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ನೋವಿನ ‘ಬಾಗಿಲು ಸಿದ್ಧಾಂತ’ ಮಂಡಿಸಿದರು. ಸ್ಪರ್ಶದ ಸುದ್ದಿ ಹೊತ್ತ ನರಗಳು ಚುರುಕಾದರೆ ನೋವಿನ ಸುದ್ದಿಗೆ ಬೆನ್ನುಹುರಿಯ ಮಟ್ಟದಲ್ಲೇ ತಡೆ ಬೀಳುತ್ತದೆ. ಮೊಣಕಾಲಿಗೆ ಪೆಟ್ಟಾದಾಗ ಯಾರೂ ಹೇಳಿಕೊಡದಿದ್ದರೂ ನಾವು ಆ ಜಾಗವನ್ನು ಉಜ್ಜಿಕೊಳ್ಳುವುದು ಇದರಿಂದಲೇ. ಒಂದು ಕಡೆಯ ನೋವು ಇನ್ನೊಂದು ಕಡೆಯ ನೋವನ್ನು ಅಡಗಿಸುತ್ತದೆ ಎಂದು 1979ರಲ್ಲಿ ಡೇನಿಯಲ್ ಲೆ ಬಾರ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ‘ಹಿತವಾದ ನೋವು’ ಎಂದು ಒತ್ತಿಸಿಕೊಂಡವರು ಹೇಳುವುದಕ್ಕೆ ಇಲ್ಲೊಂದು ಸುಳಿವಿದೆ.

ಈ ಪಂಥದ ಪ್ರಕಾರ ಒತ್ತುವ ಕೈ ಬದಲಿಸುವುದು ಅಂಗಾಂಶದ ಆಕಾರವನ್ನಲ್ಲ, ನರಮಂಡಲದ ಎಚ್ಚರದ ಮಟ್ಟವನ್ನು. ನಿದ್ದೆ, ಚಿಂತೆ, ಸಾಲದ ಒತ್ತಡ, ನೋವಿನ ಬಗ್ಗೆ ಇರುವ ಭಯ ಇವೆಲ್ಲವೂ ನೋವಿನ ಪಾಲುದಾರರು. ನೋವು ಸಂವೇದನೆಯೂ ಹೌದು, ಭಾವನೆಯೂ ಹೌದು ಎಂಬುದನ್ನು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರ ತನ್ನ ವ್ಯಾಖ್ಯೆಯಲ್ಲೇ ಒಪ್ಪಿತ್ತು. 2020ರ ಪರಿಷ್ಕರಣೆಯಲ್ಲೂ ಅದನ್ನು ಉಳಿಸಿಕೊಂಡಿತು. ಉಪಶಮನ ಏಕೆ ಬೇಗ ಸಿಗುತ್ತದೆ, ಏಕೆ ಬೇಗ ಕರಗುತ್ತದೆ ಎಂಬ ಎರಡನ್ನೂ ವಿವರಿಸಬಲ್ಲದ್ದು ಈ ಪಂಥವೇ. ಯಾವ ರೋಗಿಗೆ ಯಾವ ಸ್ಪರ್ಶ ಹಿಡಿಸುತ್ತದೆ ಎಂದು ಮೊದಲೇ ಹೇಳಲು ಅದಕ್ಕೂ ಬರುವುದಿಲ್ಲ.

ನಾಲ್ಕನೆಯ ಪಂಥ: ವಾತ ಮತ್ತು ಸ್ನೇಹ

ಆಯುರ್ವೇದ ಸೊಂಟನೋವನ್ನು ವಾತದ ಕೆಡುಕು ಎಂದು ಓದುತ್ತದೆ. ಕಾಲಿಗಿಳಿಯುವ ನೋವಿಗೆ ಗೃಧ್ರಸೀ ಎಂಬ ಬೇರೆಯೇ ಹೆಸರು ಕೊಟ್ಟಿದೆ. ಒಣಗಿದ್ದಕ್ಕೆ ಎಣ್ಣೆ, ತಣ್ಣಗಾದದ್ದಕ್ಕೆ ಶಾಖ, ಬಿಗಿದದ್ದಕ್ಕೆ ಮೃದುತ್ವ ಎಂಬುದು ಅದರ ತರ್ಕ. ಇಲ್ಲಿ ಬಲಕ್ಕಿಂತ ಕ್ರಮ ಮುಖ್ಯ: ಮೊದಲು ಸ್ನೇಹ ಎಂದರೆ ಎಣ್ಣೆ, ಆಮೇಲೆ ಸ್ವೇದ ಎಂದರೆ ಬೆವರಿಸುವ ಶಾಖ, ಜೊತೆಗೆ ಆಹಾರ ವಿಹಾರಗಳ ಕಟ್ಟು. ಕೇರಳದ ಕಳರಿ ಮರ್ದನವನ್ನು ಬಿಟ್ಟರೆ, ನಮ್ಮ ಶಾಸ್ತ್ರೀಯ ಅಭ್ಯಂಗ ‘ಡೀಪ್ ಟಿಶ್ಯೂ’ ಎನ್ನುವಷ್ಟು ಬಿರುಸಿನದಲ್ಲ. ಎರಡನ್ನೂ ಒಂದೇ ಫಲಕದಡಿ ಮಾರುವುದು ಎರಡಕ್ಕೂ ಅನ್ಯಾಯ.

ವಾತವನ್ನು ಪ್ರಯೋಗಶಾಲೆಯಲ್ಲಿ ಅಳೆಯಲಾಗದು ಎಂಬ ಟೀಕೆ ಸರಿಯೇ. ಆದರೂ ಬೆಚ್ಚಗಿನ ಎಣ್ಣೆ, ಬಿಸಿ ಶಾಖ, ಬಿಡುವು, ಮುಟ್ಟುವವರ ಮೇಲಿನ ನಂಬಿಕೆ ಇವನ್ನು ಒಟ್ಟಿಗೆ ಒದಗಿಸುವ ಈ ಕ್ರಮ ನರಮಂಡಲದ ಪಂಥ ಹೇಳುವುದಕ್ಕೆ ಬಹಳ ಹತ್ತಿರ ಬರುತ್ತದೆ.

ಐದನೆಯ ಪಂಥ: ದುಡಿಮೆಯ ಲೆಕ್ಕ

ಕೊನೆಯ ಪಂಥ ಬೆನ್ನಿನಿಂದ ಕಣ್ಣೆತ್ತಿ ಹೊಲದ ಕಡೆ ನೋಡುತ್ತದೆ. ನಮ್ಮ ಸೀಮೆಯ ಕೆಲಸಗಳನ್ನೇ ಎಣಿಸಿ: ಅರಿಶಿನ ಅಗೆಯುವುದು, ಈರುಳ್ಳಿ ಕೀಳುವುದು, ಚೆಂಡುಹೂ ಬಿಡಿಸುವುದು, ಕಳೆ ತೆಗೆಯುವುದು, ಬಾಳೆಗೊನೆ ಹೊರುವುದು, ಕರಿಕಲ್ಲು ಕ್ವಾರಿಯ ಕೆಲಸ. ಬದನಗುಪ್ಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೋಗುವವರದು ನಿಂತಲ್ಲೇ ಕುಳಿತಲ್ಲೇ ಮಾಡುವ ದುಡಿಮೆ. ಇವುಗಳಲ್ಲಿ ಬಾಗಿ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರದು.

ಬಾಗಿದಾಗ ಒಳಗೆ ಏನಾಗುತ್ತದೆ ಎಂಬುದು ಸಾಕಷ್ಟು ಸ್ಪಷ್ಟವಿದೆ. ಫ್ಲಾಯ್ಡ್ ಮತ್ತು ಸಿಲ್ವರ್ 1955ರಲ್ಲೇ ಗುರುತಿಸಿದಂತೆ, ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ಬಹುಮಟ್ಟಿಗೆ ಸುಮ್ಮನಾಗಿ ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ಹಾಗೆಯೇ ಇದ್ದರೆ ಅವು ನಿಧಾನಕ್ಕೆ ಹಿಗ್ಗುತ್ತವೆ. ಥಟ್ಟನೆ ಎದ್ದು ಭಾರ ಎತ್ತಿದಾಗ ಬೆನ್ನಿಗೆ ಆಸರೆ ಸಾಲದಾಗುತ್ತದೆ. ಕೆಟ್ಟದ್ದು ಬಾಗುವ ಭಂಗಿಯಲ್ಲ, ಬಿಡುವಿಲ್ಲದೆ ಬಾಗಿಯೇ ಇರುವುದು ಎಂಬ ಮಾತಿಗೆ ಇದು ಆಧಾರ. ಹಾಗಾದರೆ ಮದ್ದು ಯಾವುದು? ಉದ್ದ ಹಿಡಿಯ ಸಲಕರಣೆ, ನಿಂತೇ ನೂಕಬಹುದಾದ ಸೈಕಲ್ ಎಡೆಕುಂಟೆ, ಆಗಾಗ ಎದ್ದು ನಡೆಯುವ ಬಿಡುವು, ಹೊರುವ ಭಾರಕ್ಕೆ ಮಿತಿ. ಗುತ್ತಿಗೆ ಕೂಲಿಯ ಅವಸರದಲ್ಲಿ ಈ ಬಿಡುವು ಯಾರಿಗೆ ಸಿಗುತ್ತದೆ ಎಂಬುದು ವೈದ್ಯಕೀಯವನ್ನು ಮೀರಿದ ಪ್ರಶ್ನೆ.

ಪರೀಕ್ಷೆಗಿಟ್ಟಾಗ

ಒತ್ತಡ ಜಾಸ್ತಿಯಾದಷ್ಟೂ ಗುಣ ಜಾಸ್ತಿಯೇ? ಈ ಪ್ರಶ್ನೆಗೆ ಬೆಳಕು ಚೆಲ್ಲುವ ಪ್ರಯೋಗ ನಡೆದದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಡೇನಿಯಲ್ ಚರ್ಕಿನ್ ತಂಡ 2011ರಲ್ಲಿ ಅದನ್ನು ಪ್ರಕಟಿಸಿತು. ದೀರ್ಘಕಾಲದ ಸೊಂಟನೋವಿನ 401 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಅಂಗಾಂಶದ ದೋಷ ಹುಡುಕಿ ತಿದ್ದುವ ರಚನಾತ್ಮಕ ಮಸಾಜ್, ಇನ್ನೊಂದಕ್ಕೆ ಬರಿಯ ವಿಶ್ರಾಂತಿಯ ಮಸಾಜ್, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಕೊಟ್ಟರು. ಹತ್ತು ವಾರದ ಕೊನೆಗೆ ಮಸಾಜ್ ಪಡೆದ ಎರಡೂ ಗುಂಪುಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನೋವು ಬಹಳ ಕಡಿಮೆಯಾಗಿದೆ ಅಥವಾ ಹೋಗಿದೆ ಎಂದರು. ಮೂರನೆಯ ಗುಂಪಿನಲ್ಲಿ ಹಾಗೆಂದವರು ಇಪ್ಪತ್ತೈದರಲ್ಲಿ ಒಬ್ಬರು. ಎರಡು ಬಗೆಯ ಮಸಾಜ್‌ಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಲಾಭ ಬಹಳ ಮಟ್ಟಿಗೆ ಕರಗಿತ್ತು.

2015ರ ಕಾಕ್ರೇನ್ ಸಮೀಕ್ಷೆ 25 ಪ್ರಯೋಗಗಳನ್ನು, 3,096 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ, ಅಲ್ಪಾವಧಿಯ ಉಪಶಮನ ಕಾಣುತ್ತದೆ, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗಷ್ಟೇ ಪರಿಗಣಿಸಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮಗಳ ಜೊತೆ ಮಸಾಜಿಗೂ ಜಾಗ ಕೊಟ್ಟಿದೆ. ಸೊಂಟದ ಬೆಲ್ಟ್, ಎಳೆತ ಚಿಕಿತ್ಸೆಗಳನ್ನು ವಾಡಿಕೆಯಾಗಿ ಬಳಸಬೇಡಿ ಎಂದಿದೆ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬುದು ಅದೇ ಸಂಸ್ಥೆ ಉಲ್ಲೇಖಿಸುವ ಅಂದಾಜು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ಒತ್ತುವ ಕೈ ನೋವಿಲ್ಲದ ಕೆಲವು ದಿನಗಳನ್ನು ಕೊಡಬಲ್ಲದು. ಆ ದಿನಗಳಲ್ಲಿ ನಡೆದಾಡಿ, ಬೆನ್ನು ಕಾಲುಗಳಿಗೆ ಬಲ ತುಂಬಿ, ನಿದ್ದೆ ಮಾಡಿದವರಿಗೆ ಲಾಭ ಉಳಿಯುವ ಸಾಧ್ಯತೆ ಹೆಚ್ಚು. ಒತ್ತಿಸಿಕೊಂಡು ಮತ್ತೆ ಅದೇ ಬಿಡುವಿಲ್ಲದ ಬಾಗುವಿಕೆಗೆ ಮರಳಿದರೆ ದುಡ್ಡು ಹೋಗುತ್ತದೆ, ನೋವು ತಿರುಗಿ ಬರುತ್ತದೆ.

ಮುಟ್ಟಲೇಬಾರದ ಸಂದರ್ಭಗಳು

ಈ ವಿಷಯದಲ್ಲಿ ಯಾವ ಪಂಥಕ್ಕೂ ಭಿನ್ನಾಭಿಪ್ರಾಯ ಇರಬಾರದು. ಬೆನ್ನುನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಮೂತ್ರ ಕಟ್ಟಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲು ಸೋತರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮೂಳೆ ಟೊಳ್ಳಾದ ವಯಸ್ಸಾದವರು, ಗರ್ಭಿಣಿಯರು ಬಿರುಸಿನ ಒತ್ತಡಕ್ಕೆ ಮೈ ಕೊಡಬಾರದು. ಕುತ್ತಿಗೆಯನ್ನು ಲಟಕ್ಕನೆ ತಿರುಗಿಸುವುದು ಮಸಾಜೇ ಅಲ್ಲ. ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದು.

ಒತ್ತುವವರ ಅರ್ಹತೆಯ ಮಾತೂ ಇದೆ. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯಂಥ ವೃತ್ತಿಗಳನ್ನು ನೋಂದಣಿಯ ಚೌಕಟ್ಟಿಗೆ ತಂದಿತು. ಸ್ಪಾಗಳಲ್ಲಿ ಒತ್ತುವವರಿಗೂ ಊರಿನಲ್ಲಿ ಉಳುಕು ತೆಗೆಯುವವರಿಗೂ ಅಂಥ ಏಕರೂಪದ ಚೌಕಟ್ಟು ಇಲ್ಲ.

ಇನ್ನೂ ಬಗೆಹರಿಯದವು

ನಾಲ್ಕು ಪ್ರಶ್ನೆಗಳು ತೆರೆದೇ ಇವೆ. ಒಂದು, ಪ್ರಮಾಣ: ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ಬಲ ಎಂಬುದಕ್ಕೆ ಪಂಥಕ್ಕೊಂದು ಉತ್ತರವಿದೆ, ಒಮ್ಮತವಿಲ್ಲ. ಎರಡು, ಹೋಲಿಕೆ: ಒತ್ತಿಸಿಕೊಳ್ಳುವವರಿಗೆ ತಮ್ಮನ್ನು ಮುಟ್ಟುತ್ತಿದ್ದಾರೆ ಎಂಬುದು ಗೊತ್ತಾಗಿಯೇ ಆಗುತ್ತದೆ, ಹಾಗಾಗಿ ಒತ್ತಡದ ಗುಣ ಎಷ್ಟು, ಆರೈಕೆಯ ಮತ್ತು ನಂಬಿಕೆಯ ಗುಣ ಎಷ್ಟು ಎಂದು ಬೇರ್ಪಡಿಸುವ ಪ್ರಯೋಗ ಕಟ್ಟುವುದೇ ಕಷ್ಟ. ಮೂರು, ನಿಲುವು: ಒತ್ತಿದ ಮೇಲೆ ಕೆಲವರು ನೆಟ್ಟಗೆ ನಿಲ್ಲುವುದು ನೋವು ತಗ್ಗಿದ್ದರಿಂದಲೋ, ನಿಜವಾಗಿ ದೇಹದ ರಚನೆ ಬದಲಾದದ್ದರಿಂದಲೋ, ಬದಲಾವಣೆ ಎಷ್ಟು ಕಾಲ ನಿಲ್ಲುತ್ತದೋ ತೀರ್ಮಾನವಾಗಿಲ್ಲ.

ನಾಲ್ಕನೆಯದೇ ನಮಗೆ ಹೆಚ್ಚು ಮುಖ್ಯವಾದದ್ದು. ಮಾರ್ಗಸೂಚಿಗಳಿಗೆ ತಳಹದಿಯಾದ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳಲ್ಲಿ ನಡೆದವು. ಬೆಳಗಿನಿಂದ ಸಂಜೆಯವರೆಗೆ ಬಾಗಿ ಕಳೆ ಕೀಳುವ, ಮನೆಗೆ ಬಂದು ನೀರು ಸೌದೆ ಹೊರುವ ಹೆಂಗಸಿಗೆ ಆ ಉತ್ತರ ಹಾಗೆಯೇ ಹೊಂದುತ್ತದೆಯೇ? ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೈಸೂರಿನಲ್ಲಿ ಶತಮಾನ ದಾಟಿದ ಆಯುರ್ವೇದ ಕಾಲೇಜಿದೆ. ಎಣ್ಣೆ ನೀವುವುದು, ವ್ಯಾಯಾಮ, ಉದ್ದ ಹಿಡಿಯ ಸಲಕರಣೆ ಈ ಮೂರನ್ನೂ ಈರುಳ್ಳಿ ಹೊಲದ ಕೂಲಿಕಾರರ ನಡುವೆ ಹೋಲಿಸಿ ನೋಡುವ ಅಧ್ಯಯನಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುವುದು ಅಪರೂಪ. ಅಂಥ ಅಧ್ಯಯನ ಬರುವವರೆಗೂ ಬೆನ್ನು ನೆಟ್ಟಗೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಯಾರೂ ದುಡ್ಡು ತೆರಬೇಕಿಲ್ಲ. ನೋವು ಇಳಿಸಿಕೊಡುತ್ತೇವೆ ಎನ್ನುವವರನ್ನು, ಎಷ್ಟು ದಿನಕ್ಕೆ ಮತ್ತು ಆಮೇಲೆ ನಾನೇನು ಮಾಡಬೇಕು ಎಂದು ಕೇಳಿಯೇ ಮುಂದುವರಿಯಬೇಕು.